ಸ್ವಲ್ಪ ನೋಡಿಕೊಳ್ಳಿ

ಥಾಣೆಯ ಆ ಕಾರ್ಖಾನೆಯ ಕಾಲನಿಯಲ್ಲಿ ಟೆನಿಸ್ ಕಲಿಯಬೇಕೆಂದವರೆಲ್ಲ ಮುರುಗೆಪ್ಪನ ಹತ್ತಿರವೇ ಬರಬೇಕಿತ್ತು. ರ‍್ಯಾಕೆಟ್ಟನ್ನು ಎತ್ತಲಾರದ ಕೂಸುಗಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುವ ಆಫೀಸರರ ಹೆಂಡಂದಿರು, ರಿಟೈರಾಗುವ ಮೊದಲು ಹೊಟ್ಟೆ ಕರಗಿಸಲು ಹೊರಟ ಸಾಹೇಬರು, ಎಲ್ಲರಿಗೂ ಅವನ ಮೊದಲ ಪಾಠ ಒಂದೇ: "ಚೆಂಡ ನೋಡ್ರಿ." ಮರಾಠಿಯವರಿಗೆ "ಬಾಲ್ ಬಘಾ", ಪಂಜಾಬಿಗಳಿಗೆ "ಬಾಲ್ ದೇಖೋ". ಎರಡನೆಯ ಪಾಠವೂ ಅದೇ. ಮೂರನೆಯದನ್ನು ಕೇಳುವಷ್ಟು ತಾಳ್ಮೆ ಬಹಳ ಜನಕ್ಕೆ ಇರುತ್ತಿರಲಿಲ್ಲ.

ಮುರುಗೆಪ್ಪ ಬೈಲಹೊಂಗಲದ ಕಡೆಯವ. ಬೆಳಗಾವಿಯ ಕ್ಲಬ್ಬೊಂದರಲ್ಲಿ ಚೆಂಡು ಆರಿಸಿಕೊಡುತ್ತ ಆಟ ಕಲಿತು, ಒಬ್ಬ ಸಾಹೇಬರ ಬೆನ್ನುಹತ್ತಿ ಇಲ್ಲಿಗೆ ಬಂದವ. ಹಗಲು ಸ್ಟೋರ್ಸಿನಲ್ಲಿ ಹೆಲ್ಪರ್ ಕೆಲಸ. ಬೆಳಿಗ್ಗೆ ಸಂಜೆ ಕೋರ್ಟು. ಮುರಮ್ಮು, ಅಂದರೆ ಗರಸು ಮಣ್ಣು, ಹಾಸಿದ ಆ ಕೆಂಪು ಕೋರ್ಟಿಗೆ ನೀರು ಹೊಡೆದು, ರೋಲರ್ ಎಳೆದು, ಸುಣ್ಣದ ಗೆರೆ ಹಾಕುವವನೂ ಅವನೇ. ಖಾಡಿಯ ಹಿನ್ನೀರಿನ ಆಚೆ ಕಳವಾ ಎಂಬಲ್ಲಿ ಒಂದು ಖೋಲಿ, ಹೆಂಡತಿ ಕಾಶವ್ವ, ಒಬ್ಬಳೇ ಮಗಳು ನೀಲಗಂಗಾ.

ಅವನಿಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಅದು ಸೋಲುವ ವಿದ್ಯೆ. ಸಾಹೇಬರ ಜೊತೆ ಆಡಿ ಸೋಲುವುದು ಸುಲಭವೆಂದು ತಿಳಿಯಬೇಡಿ. ಸಲೀಸಾಗಿ ಸೋತರೆ ಸಾಹೇಬರಿಗೆ ಅವಮಾನ, ಗೆದ್ದರೆ ಇನ್ನೂ ಅವಮಾನ. ಬೆವರಿಳಿಸಿ, ಏದುಸಿರು ಬಿಡಿಸಿ, ಕೊನೆಗೆ ಕೂದಲೆಳೆಯಲ್ಲಿ ಚೆಂಡನ್ನು ನೆಟ್ಟಿಗೆ ಹೊಡೆದು "ಅರೇ!" ಎಂದು ಹಣೆ ಚಚ್ಚಿಕೊಳ್ಳಬೇಕು. ಹೀಗೆ ಸೋಲುತ್ತ ಸೋಲುತ್ತ ಅವನಿಗೆ ಕಾಲನಿಯಲ್ಲಿ ಒಳ್ಳೆಯ ಹೆಸರು ಬಂದಿತ್ತು. ಬೆನ್ನೆಲುಬು ಯಾವಾಗ ಬಾಗಿತೆಂಬುದು ಅವನಿಗೇ ತಿಳಿಯಲಿಲ್ಲ.

ಕೆಲಸಗಾರರ ಮಕ್ಕಳಿಗೆ ಕೋರ್ಟಿನೊಳಗೆ ಪ್ರವೇಶವಿರಲಿಲ್ಲ. ಹೊಸ ವರ್ಕ್ಸ್ ಮ್ಯಾನೇಜರ್ ಯಜ್ಞೇಶ್ವರ ರಾಯರು ಬಂದ ಮೇಲೆ ಅದು ಬದಲಾಯಿತು. ರಾಯರು ಉಡುಪಿಯ ಕಡೆಯವರು. ಮುರುಗೆಪ್ಪನ ಕನ್ನಡ ಕೇಳಿ ಮೊದಲ ದಿನವೇ ನಕ್ಕು, "ನಿಮ್ಮ ಭಾಷೆ ನಂಗೆ ಅರ್ಧ ಮಾತ್ರ ಅರ್ಥ ಆಗೋದು ಮಾರಾಯ್ರೆ" ಎಂದಿದ್ದರು. ಮುರುಗೆಪ್ಪನಿಗೆ ಅವರದು ಕಾಲುಭಾಗವೂ ಅರ್ಥವಾಗುತ್ತಿರಲಿಲ್ಲ. ಆದರೂ ನಮ್ಮವರೆಂಬ ಹೆಮ್ಮೆ. ರಾಯರ ಮಗಳು ವಾರಿಜಾ, ಅವನ ಮಗಳು ನೀಲಗಂಗಾ, ಇಬ್ಬರೂ ಒಂದೇ ಓರಗೆ, ಒಟ್ಟಿಗೇ ಕಲಿತರು. ವಾರಿಜಾ ಚೆನ್ನಾಗಿ ಆಡುತ್ತಿದ್ದಳು. ನೀಲಗಂಗಾ ಆಡಿದರೆ ಮಾತ್ರ ಬೇಲಿಯಾಚೆ ಹೋಗುತ್ತಿದ್ದವರೂ ಸೈಕಲ್ ನಿಲ್ಲಿಸುತ್ತಿದ್ದರು. ಅವಳಿಗೆ ಜಗತ್ತಿನಲ್ಲಿ ಅಪ್ಪನಿಗಿಂತ ದೊಡ್ಡ ಆಟಗಾರ ಇರಲಿಲ್ಲ.

ರೈಲ್ವೆ ಮುಷ್ಕರವಾದ ವರ್ಷದ ಚಳಿಗಾಲದಲ್ಲಿ ಕಾಲನಿಯ ಟೆನಿಸ್ ಪಂದ್ಯಗಳು ನಡೆದಾಗ ಹುಡುಗಿಯರ ಫೈನಲ್ಲು ಇವರಿಬ್ಬರ ನಡುವೆಯೇ ಬಿತ್ತು. ಗೆದ್ದವಳನ್ನು ಕಂಪನಿ ಜಿಲ್ಲಾ ಪಂದ್ಯಕ್ಕೆ ಕಳಿಸುವುದೆಂದಾಗಿತ್ತು. ಆಟದ ನಿಯಮ ಬಲ್ಲ ಬೇರೆಯವರಿಲ್ಲದ್ದರಿಂದ ಮುರುಗೆಪ್ಪನೇ ಅಂಪೈರ್. "ಕ್ಯಾ ಮುರುಗೆಪ್ಪ, ಘರ್ ಕಾ ಅಂಪೈರ್!" ಎಂದು ಒಬ್ಬ ಆಫೀಸರ್ ಚೇಷ್ಟೆ ಮಾಡಿದ. ಎಲ್ಲರೂ ನಕ್ಕರು, ಮುರುಗೆಪ್ಪನೂ ನಕ್ಕ.

ಆಟ ಶುರುವಾಗುವ ಮೊದಲು ರಾಯರು ಹತ್ತಿರ ಬಂದು, ದನಿ ತಗ್ಗಿಸಿ, "ಮುರುಗೆಪ್ಪ, ಹುಡುಗಿಯನ್ನು ಸ್ವಲ್ಪ ನೋಡಿಕೊಳ್ಳಿ, ಆಯ್ತಾ?" ಎಂದರು. ಅಷ್ಟೇ ಹೇಳಿ ಕುರ್ಚಿಗೆ ಹೋಗಿ ಕೂತರು.

ಈ ಮುಂಬಯಿ ಸೀಮೆಯಲ್ಲಿ "ಜರಾ ದೇಖ್ ಲೇನಾ" ಎಂದರೆ ಏನೆಂದು ಸ್ಟೋರ್ಸಿನಲ್ಲಿ ಸವೆದವನಿಗೆ ಹೇಳಿಕೊಡಬೇಕೇ? ಗೇಟ್ ಪಾಸಾಗಲಿ, ರೇಶನ್ ಕಾರ್ಡಾಗಲಿ, ಸಾಹೇಬರು ದೇಖ್ ಲೇನಾ ಅಂದರೆ ಕೆಲಸ ಆಗಬೇಕು, ಹೇಗೆಂದು ಕೇಳಬಾರದು. ಮುರುಗೆಪ್ಪ ರಾಯರ ಕನ್ನಡವನ್ನು ಮನಸ್ಸಿನಲ್ಲೇ ಹಿಂದಿಗೆ ತಿರುಗಿಸಿಕೊಂಡ. ಒಮ್ಮೆ ಮಗಳತ್ತ ನೋಡಿದ. ಆದರೂ ತಲೆ ಮಾತ್ರ ತಾನಾಗಿಯೇ "ಆಗಲ್ರಿ ಸಾಹೇಬ್ರ" ಎಂದು ಆಡಿತು.

ಆಟ ಸಮಸಮವಾಗಿ ಸಾಗಿತು. ಕೊನೆಗೆ ಒಂದು ಪಾಯಿಂಟು ಬಂದರೆ ನೀಲಗಂಗಾ ಗೆದ್ದಂತೆ, ಎಂಬಲ್ಲಿಗೆ ಬಂತು. ವಾರಿಜಾಳ ಕಾಲು ಸೋತಿತ್ತು. ನೀಲಗಂಗಾ ಚೆಂಡನ್ನು ಅವಳ ಎಡಗಡೆಯ ಮೂಲೆಗೆ ಹೊಡೆದಳು. ಗೆರೆಯ ಮೇಲೆ ಬಿತ್ತು. ಸುಣ್ಣ ಬುಸ್ಸೆಂದು ಹಾರಿತು. ಮುರುಗೆಪ್ಪ ಕಣ್ಣಾರೆ ಕಂಡ.

"ಔಟ್," ಎಂದ.

ಅಷ್ಟಕ್ಕೇ ನಿಂತಿದ್ದರೆ ಕಣ್ತಪ್ಪು ಎನ್ನಬಹುದಿತ್ತು. ಮುರಮ್ಮಿನ ಕೋರ್ಟಿನಲ್ಲಿ ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ, ಯಾರು ಬೇಕಾದರೂ ಬಂದು ನೋಡಬಹುದು. ಮುರುಗೆಪ್ಪ ಮೇಜಿನ ಮೇಲಿಟ್ಟ ಕುರ್ಚಿಯಿಂದ ಇಳಿದು, ನೆಲ ಸಮ ಮಾಡುವವನಂತೆ ಆ ಗುರುತಿನ ಮೇಲೆ ಬೂಟು ಎಳೆದ. ಬೇಲಿಯೇ ಎದ್ದು ಹೊಲ ಮೇಯಿತು. ದಿನಾ ಆ ನೆಲವನ್ನು ಸವರುವವನು ಅವನೇ ತಾನೇ, ಯಾರಿಗೂ ಸಂಶಯ ಬರಲಿಲ್ಲ.

ಸಂಶಯ ಬಂದದ್ದು ವಾರಿಜಾಳಿಗೆ. "ಸರ್, ಲೈನ್ ಮೇಲೆ ಬಿದ್ದದ್ದು. ಸುಣ್ಣ ಹಾರಿದ್ದು ನಾ ಕಂಡೆ," ಎಂದಳು. ಮುರುಗೆಪ್ಪ ಯಾರನ್ನು ಗೆಲ್ಲಿಸಹೊರಟಿದ್ದನೋ ಆ ಹುಡುಗಿಯೇ ಹೀಗೆ ಹೇಳಿದ್ದಳು. ಆಗಲೂ ತಿದ್ದಿಕೊಳ್ಳಬಹುದಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ನೀಲಗಂಗಾ ನೆಟ್ಟು ದಾಟಿ ಬಂದಳು. ನೆಲ ನೋಡಿದಳು. ಅಪ್ಪನ ಬೂಟು ನೋಡಿದಳು. ಅದರ ತುದಿಗೆ ಕೆಂಪು ಮಣ್ಣಿನ ಮೇಲೆ ಬಿಳಿ ಸುಣ್ಣ ಮೆತ್ತಿತ್ತು.

"ಔಟ್ ಹೀ ಥಾ," ಎಂದಳು ವಾರಿಜಾಳಿಗೆ, ತಾನೇ ಕಂಡವಳಂತೆ. "ಮೈನೇ ದೇಖಾ."

ಆಮೇಲೆ ಅವಳು ಆಡಿದ್ದು ಆಟವಾಗಿರಲಿಲ್ಲ. ಬೇಗ ಬೇಗ ಸೋತು, ಕೈಕುಲುಕಿ ಪಕ್ಕಕ್ಕೆ ನಿಂತಳು. ಗೆದ್ದ ವಾರಿಜಾ ಅಲ್ಲೇ ನೆಲಕ್ಕೆ ಕುಸಿದು ಕೂತಳು. ರಾಯರು ಓಡಿ ಬಂದು ನೀರು ಕುಡಿಸಿ, ಮುರುಗೆಪ್ಪನತ್ತ ತಿರುಗಿ, "ನೋಡಿಕೊಳ್ಳಿ ಅಂತ ಹೇಳಿದ್ದೆನಲ್ಲ ಮಾರಾಯ್ರೆ. ಜ್ವರ ಬಿಟ್ಟು ವಾರ ಆಗ್ಲಿಲ್ಲ ಅವಳಿಗೆ. ಬಳಲಿದ್ರೆ ಆಟ ನಿಲ್ಲಿಸ್ಲಿಕ್ಕೆ ಹೇಳಿದ್ದು ನಾನು. ಸೋತ್ರೆ ಎಂಥ ಆಗ್ತಿತ್ತು?" ಎಂದರು.

ಬೈದದ್ದಲ್ಲ, ಮೆತ್ತಗೆಯೇ ಕೇಳಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಯಾರೂ ಕೇಳದಿದ್ದ ಪಾಪವನ್ನು ತಾನೇ ಮುಂದಾಗಿ ಮಾಡಿ ಕೊಟ್ಟಿದ್ದೇನೆ ಎಂದು ತಿಳಿದಾಗ ಮುರುಗೆಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಹಾಗೆಲ್ಲ ಬಾಯಿ ಬಿಡುವುದಿಲ್ಲ. ಬಹುಮಾನ ಕೊಡುವವರೆಗೂ ಅವನು ಅಲ್ಲೇ ನಿಂತು ಚಪ್ಪಾಳೆ ತಟ್ಟಬೇಕಾಯಿತು.

ಅಪ್ಪ ಮಗಳು ಕಳವಾ ಸೇತುವೆಯ ಮೇಲೆ ನಡೆದು ಬಂದರು. ಖೋಲಿಯ ಬಾಗಿಲಿಗೆ ಬಂದಾಗ ನೀಲಗಂಗಾ, "ರುಕೋ ಅಪ್ಪಾ," ಎಂದು ಬಗ್ಗಿ, ತನ್ನ ಕರವಸ್ತ್ರದಿಂದ ಅವನ ಬೂಟಿನ ತುದಿ ಒರೆಸಿದಳು. ಒಳಗಿನಿಂದ ಕಾಶವ್ವ, "ಯಾರು ಗೆದ್ರು?" ಎಂದಳು.

"ವಾರಿಜಾ. ಚಲೋ ಆಡಿದ್ಳು," ಎಂದಳು ಮಗಳು.

ಬೈಗುಳವಿಲ್ಲ, ಅಳುವಿಲ್ಲ. ರ‍್ಯಾಕೆಟ್ಟನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು, ಮತ್ತೆ ಮುಟ್ಟಲಿಲ್ಲ. ಓದು ಹೆಚ್ಚಾಯಿತಲ್ಲ ಎಂದು ಕಾಶವ್ವ ತಿಳಿದಳು. ಮುರುಗೆಪ್ಪ ಬಾಯಿ ಬಿಡಲು ಎಷ್ಟೋ ಸಲ ನೋಡಿದ; ಮಗಳು ತಲೆ ಎತ್ತಿದರೆ ಸಾಕು, ಬೇರೇನೋ ಮಾತು ತೆಗೆಯುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಂತೆ, ಯಾರಾದರೂ ಸುಣ್ಣ ಎಂದರೆ ಅವನು ತನ್ನ ಕಾಲು ನೋಡಿಕೊಳ್ಳುತ್ತಿದ್ದ.

ಒಮ್ಮೆ ರೊಚ್ಚಿಗೆದ್ದು ಒಬ್ಬ ಸಾಹೇಬರನ್ನು ನೆಟ್ಟಗೆ ಸೋಲಿಸಿಬಿಟ್ಟ. ಏನಾಗುವುದೋ ಆಗಲಿ ಎಂದು ಕಾದ. ಸಾಹೇಬರು ಬೆವರು ಒರೆಸಿಕೊಂಡು, "ವಾಹ್! ಇಷ್ಟು ದಿನ ಎಲ್ಲಿಟ್ಟಿದ್ದೆ ಇದನ್ನು?" ಎಂದು ಬೆನ್ನು ತಟ್ಟಿದರು. ಅದು ಅವನಿಗೆ ಇನ್ನೂ ದೊಡ್ಡ ಪೆಟ್ಟು. ಹಾಗಾದರೆ ಯಾವತ್ತೂ ಸೋಲಬೇಕಾಗಿರಲಿಲ್ಲವೇ?

ಪಾಠ ನಿಲ್ಲಲಿಲ್ಲ. ಆದರೆ "ಚೆಂಡ ನೋಡ್ರಿ" ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. "ಮೊಣಕಾಲು ಮಡಚ್ರಿ" ಎಂದು ಶುರು ಮಾಡುತ್ತಿದ್ದ. ಶಿಷ್ಯರಲ್ಲಿ ಯಾರೂ ಅದನ್ನು ಗಮನಿಸಲಿಲ್ಲ.

ಮಗಳ ಮದುವೆಯಾಯಿತು. ಅಳಿಯನಿಗೆ ತುರ್ಭೆಯ ಕಾರ್ಖಾನೆಯಲ್ಲಿ ಕೆಲಸ, ವಾಶಿಯಲ್ಲಿ ಮನೆ. ರಿಟೈರಾದ ಮೇಲೆ ಮುರುಗೆಪ್ಪ ಅಲ್ಲೇ ಒಂದು ಹೌಸಿಂಗ್ ಸೊಸೈಟಿಯ ಸಿಮೆಂಟಿನ ಕೋರ್ಟಿನಲ್ಲಿ ಕಲಿಸತೊಡಗಿದ. ಸಿಮೆಂಟಿನ ಮೇಲೆ ಗುರುತು ಉಳಿಯುವುದಿಲ್ಲ. ನಿಜ ಹೇಳಬೇಕೆಂದರೆ ಆ ಕೋರ್ಟು ಅವನಿಗೆ ಹಿಡಿಸಿದ್ದೇ ಅದಕ್ಕೆ.

ಒಂದು ಭಾನುವಾರ ಬೆಳಿಗ್ಗೆ ನೀಲಗಂಗಾ ತನ್ನ ಮಗಳ ಕೈ ಹಿಡಿದು ಬಂದಳು. ಮಗುವಿನ ಇನ್ನೊಂದು ಕೈಯಲ್ಲಿ ಅಟ್ಟದ ಮೇಲಿನ ಆ ಹಳೆಯ ಮರದ ರ‍್ಯಾಕೆಟ್ಟಿತ್ತು.

"ಅಪ್ಪಾ, ಇಕಿನ್ನ ಸ್ವಲ್ಪ ನೋಡ್ಕೊ," ಎಂದಳು.

ಮುರುಗೆಪ್ಪನಿಗೆ ತಲೆ ಆಡಿಸಲೂ ಭಯವಾಯಿತು. "ಹೆಂಗ ನೋಡ್ಕೊಳ್ಳಲವಾ?" ಎಂದ. ನಿಜವಾಗಿಯೂ ಕೇಳಿದ.

ಮಗಳು ಅವನ ಬೂಟಿನತ್ತ ನೋಡಿ, ಆಮೇಲೆ ಮುಖ ನೋಡಿದಳು. "ಮೊದಲ ಎಲ್ಲಾರಿಗೂ ಏನ ಹೇಳ್ತಿದ್ದಿ, ಅದನ್ನ ಹೇಳು. ಆವತ್ತಿಂದ ಬಿಟ್ಟಬಿಟ್ಟೀ, ನನಗ ಗೊತ್ತದ," ಎಂದು ಬೇಲಿಯ ಪಕ್ಕದ ಬೆಂಚಿಗೆ ಹೋಗಿ ಕೂತಳು.

ಮುರುಗೆಪ್ಪ ಮಗುವಿನ ಕೈಯನ್ನು ಹಿಡಿಕೆಯ ಮೇಲೆ ಕೂಡಿಸಿದ. "ಚೆಂಡ ನೋಡವಾ," ಎಂದ. ಚೆಂಡು ಎಸೆದ. ಮಗು ಜೋರಾಗಿ ಬೀಸಿತು. ಚೆಂಡು ನೆಟ್ಟು ದಾಟಿ ದೂರದ ಗೆರೆಯ ಹತ್ತಿರ ಎಲ್ಲೋ ಪುಟಿಯಿತು.

"ಅಜ್ಜಾ, ಇನ್ ಯಾ ಔಟ್?"

ಕಣ್ಣು ತುಂಬಿ ಅವನಿಗೆ ಗೆರೆಯೂ ಕಂಡಿರಲಿಲ್ಲ, ಚೆಂಡೂ ಕಂಡಿರಲಿಲ್ಲ. ಬೆಂಚಿನಲ್ಲಿ ನೀಲಗಂಗಾ ಕಾಯುತ್ತಿದ್ದಳು.

"ನನಗ ಕಾಣಲಿಲ್ಲವಾ," ಎಂದ ಮುರುಗೆಪ್ಪ. "ಇನ್ನೊಮ್ಮೆ ಹೊಡಿ."