ಬಿಟ್ಟಿ ಬೆಳಕಿಗೆ ತಗಡಿನ ಮರೆ

ಬೀದಿದೀಪಕ್ಕೆ ತಗಡು ಕಟ್ಟಿದ್ದನ್ನು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದೆ. ಹೋದ ಭಾನುವಾರ, ನಮ್ಮಕ್ಕನ ಮನೆ ಎದುರು.

ಮಳೆಗೆ ಕಟ್ಟಿದ್ದಿರಬೇಕು ಅಂದುಕೊಂಡೆ. ಅಲ್ಲವಂತೆ. ಎದುರುಮನೆಗೆ ಬೆಳಕು ಹೋಗದಿರಲಿ ಎಂದು ಕಟ್ಟಿದ್ದಂತೆ! ಕಟ್ಟಿಸಿದವರು ಬೇರೆ ಯಾರೂ ಅಲ್ಲ, ಸ್ವತಃ ನಮ್ಮ ಭಾವ.

ಭಾವ ರಿಟೈರ್ಡ್ ಕಾಮರ್ಸ್ ಲೆಕ್ಚರರ್. ಮಲವಗೊಪ್ಪದ ಆಚೆ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿ, ಅಲ್ಲಿನ ಅಸೋಸಿಯೇಶನ್ನಿಗೆ ಪ್ರೆಸಿಡೆಂಟ್ ಆಗಿದ್ದಾರೆ. ಸರ್ಕಾರವೇ ಬೇಡದ ಊರು ಅವರ ಕನಸು. ನೀರಿಗೆ ಸ್ವಂತ ಬೋರ್‌ವೆಲ್, ಕಸಕ್ಕೆ ಸ್ವಂತ ಆಟೋ, ಗೇಟಿಗೆ ಸ್ವಂತ ವಾಚ್‌ಮನ್. ಲೇಔಟ್ ಇನ್ನೂ ನಗರಪಾಲಿಕೆಯ ಲೆಕ್ಕಕ್ಕೆ ಸೇರಿಲ್ಲ. ಸೇರದಿದ್ದರೇ ಒಳ್ಳೆಯದು ಅನ್ನುತ್ತಾರೆ ಭಾವ.

"ಯಾವ ಸೇವೆ ಬೇಕೋ ಅದಕ್ಕೆ ದುಡ್ಡು ಕೊಡಿ, ತಗೊಳ್ಳಿ. ಬೇಡ್ವಾ, ಬಿಡಿ. ಯಾರಿಗೂ ಬಲವಂತ ಇಲ್ಲ. ಇದಕ್ಕಿಂತ ಸ್ವಾತಂತ್ರ್ಯ ಯಾವ್ದು ಮಾರಾಯ?"

ನಾನು ತಲೆಯಾಡಿಸಿದೆ. (ನಮ್ಮ ಬೀದಿಯ ದೀಪ ಹಗಲು ಉರಿದು ರಾತ್ರಿ ಮಲಗುತ್ತದೆ. ನಾನು ಯಾವ ಬಾಯಲ್ಲಿ ವಾದ ಮಾಡಲಿ?) ಅವರ ಲೇಔಟಿನಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಫೋನ್ ಮಾಡಿದರೆ ಪ್ಲಂಬರ್ ಬರುತ್ತಾನೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚಾಯಿತು.

ದೀಪಕ್ಕೂ ಅದೇ ನಿಯಮ. ಚಂದಾ ಕಟ್ಟಿದವರ ಮನೆ ಮುಂದೆ ಮಾತ್ರ ದೀಪ. ಎದುರುಮನೆಯ ಸೆಲ್ವಿ ಕಟ್ಟಲಿಲ್ಲ. ಬಾಡಿಗೆ ಮನೆ, ಗೇಟಿನ ಸಣ್ಣ ಬಲ್ಬೇ ಸಾಕು ಅಂದಳು. ಆದರೆ ಬೆಳಕಿಗೆ ರೂಲ್ಸ್ ಗೊತ್ತೇ? ಅಕ್ಕನ ಮನೆಯ ದೀಪ ರಸ್ತೆ ದಾಟಿ ಸೆಲ್ವಿಯ ಅಂಗಳಕ್ಕೂ ಬಿತ್ತು. ಚಂದಾದಾರರೊಬ್ಬರು ಮೀಟಿಂಗಿನಲ್ಲಿ ಎದ್ದು ನಿಂತು, "ಇದು ಬಿಟ್ಟಿ ಬೆಳಕು" ಎಂದರು. ತಗಡು ಬಂತು.

ಈ ಸೆಲ್ವಿ ಯಾರು ಗೊತ್ತೇ? ನಾವು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವರು. ಅಲ್ಲಿ ಪಕ್ಕದ ಮನೆಯ ಹುಡುಗಿ ಅವಳು. ಒಳಗೆ ತಮಿಳು, ಹೊರಗೆ ಕನ್ನಡ, ಜಗಳಕ್ಕೆ ಎರಡೂ. ಸಂಜೆಯಾದರೆ ಸಾಕು, ಅಕ್ಕನೂ ಅವಳೂ ಬೀದಿಯ ದೀಪದ ಕಂಬದ ಕೆಳಗೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಕೂರುತ್ತಿದ್ದರು. ಸುತ್ತ ಅರ್ಧ ಬೀದಿಯೇ ಸೇರುತ್ತಿತ್ತು. ಒಬ್ಬರ ಕಾಯಿ ಇನ್ನೊಬ್ಬರು ಹೊಡೆದರೆ ಕಿರುಚಾಟ, ಕವಡೆ ಎಸೆದಾಟ, ಆಮೇಲೆ ಎರಡು ದಿನ ಮಾತು ಬಂದ್. ಆ ದೀಪ ಕಾರ್ಖಾನೆಯದ್ದೋ ಸರ್ಕಾರದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದು ಯಾರದ್ದು ಅಂತ ಯಾರೂ ಕೇಳಿರಲಿಲ್ಲ. ಆ ಬೀದಿ ಮತ್ತೆ ಬೇಕು ಅನ್ನಿಸುತ್ತದೆ. ಜಗಳದ ಸಮೇತ ಬೇಕು ಅನ್ನಿಸುತ್ತದೆ.

ಇಷ್ಟು ವರ್ಷದ ಮೇಲೆ ಸೆಲ್ವಿ ಎದುರುಮನೆಗೇ ಬಾಡಿಗೆಗೆ ಬಂದಾಗ ಅಕ್ಕ ಕುಣಿದಾಡಿದ್ದಳು. ಆಟ ಮತ್ತೆ ಶುರುವಾಗಿತ್ತು, ರಸ್ತೆಯ ನಡುವೆಯೇ. ತಗಡು ಕಟ್ಟಿದ ಮೇಲೆ ಸೆಲ್ವಿ ಈ ಕಡೆ ತಲೆ ಹಾಕಲಿಲ್ಲ. ಅಕ್ಕ ಊಟದ ಹೊತ್ತಿಗೂ ಕಿಟಕಿ ನೋಡುತ್ತಾ ಕೂತಿದ್ದಳು.

"ಅದಕ್ಕೇನಂತೆ, ನಾನೇ ಕರೀತೀನಿ," ಎಂದರು ಭಾವ. ಕೆಟ್ಟವರಲ್ಲ ಅವರು. ಸಂಜೆ ತಾವೇ ರಸ್ತೆ ದಾಟಿ ಹೋಗಿ, "ಬಾರಮ್ಮ ಸೆಲ್ವಿ, ನಮ್ಮ ಲೈಟಲ್ಲಿ ಕೂತು ಆಡಿ. ನಿಮ್ಹತ್ರ ದುಡ್ಡು ಕೇಳ್ತೀವಾ?" ಎಂದು ನಗುತ್ತಾ ಕರೆದರು.

ಸೆಲ್ವಿ ಬಂದಳು. ಒಳ್ಳೆಯ ಸೀರೆ ಉಟ್ಟು, ಡಬ್ಬಿಯಲ್ಲಿ ಚಕ್ಕುಲಿ ಹಿಡಿದು. (ಎದುರುಮನೆಗೆ, ಸ್ವಾಮಿ!)

ಆಟ ನಡೆಯಿತು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ, ಇದು ನಮ್ಮ ಕ್ವಾರ್ಟರ್ಸಿನ ಚೌಕಾಬಾರದ ಕಾನೂನು. ಅಕ್ಕನ ಒಂಟಿ ಕಾಯಿ ಸೆಲ್ವಿಯ ಕಾಯಿಗಿಂತ ಎರಡೇ ಮನೆ ಮುಂದೆ ಕೂತಿತ್ತು. ಸೆಲ್ವಿ ಕವಡೆ ಹಾಕಿದಳು. ಎರಡು ಬಿತ್ತು. ನಾನು ಕಿರುಚಾಟಕ್ಕೆ ಕಾದೆ. ಸೆಲ್ವಿ ಒಮ್ಮೆ ಭಾವನ ಕಡೆ ನೋಡಿ, ಬೇರೆ ಯಾವುದೋ ಕಾಯಿ ನಡೆಸಿದಳು.

ಅಕ್ಕ ಗೆದ್ದಳು. "ಬರ್ತೀನಿ ಅಕ್ಕಾ. ತುಂಬಾ ಥ್ಯಾಂಕ್ಸ್ ಸರ್," ಎಂದು ಸೆಲ್ವಿ ರಸ್ತೆ ದಾಟಿ ಕತ್ತಲಿಗೆ ಹೋದಳು.

"ಹೊಡೀಲಿಲ್ಲ ಕಣೋ ಅವ್ಳು," ಎಂದಳು ಅಕ್ಕ ನನಗೆ. "ಕಣ್ಣೆದುರಿಗೇ ಇತ್ತು, ಬಿಟ್ಬಿಟ್ಳು. ನೆಂಟ್ರು ಆಡ್ದಂಗೆ ಆಡಿ ಹೋದ್ಲು." ಅವಳ ಕಣ್ಣು ತುಂಬಿತ್ತು.

"ಗೆದ್ಯಲ್ಲೇ ಮಾರಾಯ್ತಿ, ಅಳೋದ್ಯಾಕೆ?" ಎಂದರು ಭಾವ. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಭಾವ, ನಿಮ್ಮ ಲೇಔಟಿನಲ್ಲಿ ಎಲ್ಲಕ್ಕೂ ಒಂದು ರೇಟ್ ಇದೆಯಲ್ಲ, ಸೆಲ್ವಿ ಮತ್ತೆ ಅಕ್ಕನ ಕಾಯಿ ಹೊಡೆಯಬೇಕಾದರೆ ತಿಂಗಳಿಗೆ ಎಷ್ಟು ಕಟ್ಟಬೇಕು?