ಇನ್ನೂ ಹೊಲಿದು ಮುಗಿಯದ ಕರಿ ಕೋಟು

ಗೆಳೆಯರೇ, ನಾನು ಎಲ್‌ಎಲ್‌ಬಿ, ಎಂಎಸ್‌ಡಬ್ಲ್ಯೂ ಎರಡನ್ನೂ ಒಟ್ಟಿಗೆ ಓದುತ್ತಿರುವುದು ನಿಮಗೆ ಗೊತ್ತಲ್ಲ. ಇವತ್ತು ಎಂಎಸ್‌ಡಬ್ಲ್ಯೂ ಸಮೀಕ್ಷೆಗೆಂದು ಮೊದಲ ಸಲ ಕಳ್ಳಕವಟಗಿ ಹಳ್ಳಿಗೆ ಹೋದೆ. ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬಳು ನನ್ನನ್ನು ನೋಡಿದ್ದೇ ನಕ್ಕಳು.

"ಮತ್ತ ಬಂದೇನವಾ? ನೀ ಹೇಳಿದಂಗ ಹೊಲದ ಕಾಗದಕ್ಕ ಹೆಬ್ಬಟ್ಟ ಒತ್ತಲಿಲ್ಲ ನೋಡು."

"ನಾ ಯಾವಾಗ ಹೇಳೇನಿ ಆಯಿ? ಇವತ್ತ ಮೊದಲ ಸಲ ಬಂದೇನಿ."

"ನಿನ್ನಿ ಬಂದಿದ್ದೆಲ್ಲ, ಕರಿ ಕೋಟ್ ಹಾಕ್ಕೊಂಡು! ಕಿಸೇದಾಗ ಒಂದ್ ಹಿಡಿ ಶೇಂಗಾನೂ ಹಾಕಿ ಕಳಿಸೇನಿ."

ನನ್ನ ಹತ್ತಿರ ಕರಿ ಕೋಟೇ ಇಲ್ಲ. ಮೊನ್ನೆ ತಾನೇ ವಿಜಯಪುರದ ದರ್ಜಿ ಚಾಚಾ ಅವರಿಗೆ ಹೊಲಿಯಲು ಕೊಟ್ಟಿದ್ದೇನೆ. ಅಜ್ಜಿಗೆ ಅರಳುಮರಳು ಎಂದುಕೊಂಡೆ. ಆದರೂ ಸಂಜೆ ಬಸ್ಸಿಳಿದವಳೇ ನೇರ ಅಂಗಡಿಗೆ ಹೋದೆ.

"ಈಗಷ್ಟ ಗುಂಡಿ ಹಚ್ಚೇನಿ ಬೇಟಿ, ಹಾಕ್ಕೊಂಡ ನೋಡು," ಎಂದರು ಚಾಚಾ.

ಹಾಕಿಕೊಂಡೆ. ಅಳತೆ ಸರಿಯಾಗಿತ್ತು. ಕಿಸೆಗೆ ಕೈ ಬಿಟ್ಟೆ. ಒಂದು ಹಿಡಿ ಶೇಂಗಾ. ಸಿಪ್ಪೆಗೆ ಅಂಟಿದ ಮಣ್ಣು ಇನ್ನೂ ಹಸಿಯಾಗಿತ್ತು.

ಎರಡು ಡಿಗ್ರಿ ಒಬ್ಬಳ ಕೈಲಿ ಆಗುವ ಕೆಲಸವಲ್ಲ ಎಂದು ಅವ್ವ ಮೊದಲೇ ಹೇಳಿದ್ದಳು. ಸೋಮವಾರ ಆಸ್ತಿ ಕಾನೂನಿನ ಪರೀಕ್ಷೆ ಇದೆ. ನಾನಿನ್ನೂ ಪುಸ್ತಕ ತೆರೆದಿಲ್ಲ. ನಿನ್ನೆ ಕರಿ ಕೋಟು ಹಾಕಿಕೊಂಡು ಹೋದವಳೇ ಹೋಗಿ ಬರೆದು ಬರಲಿ.