ಎರಡು ಕಿವಿ, ಎರಡು ಹೊಟ್ಟೆ

ಅಮ್ಮನ ಹೃದಯದ ಕವಾಟವೊಂದು ಕೆಟ್ಟಿದೆ, ಆಪರೇಷನ್ ಆಗಬೇಕು ಎಂದು ಕೊಯಮತ್ತೂರಿನ ಡಾಕ್ಟರು ಹೇಳಿದ ದಿನ ಅಮ್ಮನಿಗೆ ಒಂದು ಮಾತೂ ಅರ್ಥವಾಗಲಿಲ್ಲ. ಡಾಕ್ಟರು ಹೇಳಿದ್ದು ಕನ್ನಡದಲ್ಲಿ.

ಅವರು ಚಿಕ್ಕ ವಯಸ್ಸಿನವರು, ಕರ್ನಾಟಕದಿಂದ ಹೊಸದಾಗಿ ಬಂದು ತಮಿಳಿನಲ್ಲಿ ತಡವರಿಸುತ್ತಿದ್ದರು. ಅಪ್ಪ ಅಮ್ಮ ತಮ್ಮತಮ್ಮಲ್ಲೇ ಕನ್ನಡದಲ್ಲಿ ಗೊಣಗಿದ್ದು ಕೇಳಿಸಿದ್ದೇ ತಡ, ಡಾಕ್ಟರ ಮುಖ ಅರಳಿತು. ಕಾಗದದ ಮೇಲೆ ಹೃದಯದ ಚಿತ್ರ ಬರೆದು, ಶಾಲೆಯಲ್ಲಿ ಕಲಿತ ಪದಗಳನ್ನೆಲ್ಲ ನೆನಪಿಗೆ ತಂದುಕೊಂಡು, ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ ಎಂದು ಶುರುಮಾಡಿದರು. ನಮ್ಮದು ಮೆಟ್ಟುಪಾಳ್ಯಂ ಕಡೆಯ ನೇಕಾರರ ಮನೆ. ಎಷ್ಟೋ ತಲೆಮಾರಿನಿಂದ ಅಲ್ಲೇ ಇರುವವರು. ಕನ್ನಡ ನಮಗೆ ಮನೆಯೊಳಗೆ ಬೈಯಲು, ಮುದ್ದಿಸಲು ಇರುವ ಭಾಷೆ. ಅದರಲ್ಲಿ ಇಂಥ ಪದಗಳಿವೆ ಎಂದೇ ಅಮ್ಮನಿಗೆ ಗೊತ್ತಿರಲಿಲ್ಲ. ಆಕೆ ಬಹಳ ಮರ್ಯಾದೆಯಿಂದ, "ಸಾರ್, ಕನ್ನಡದಾಗೆ ಹೇಳಿ. ಇಲ್ದಿದ್ರೆ ತಮಿಳಾಗೆ ಹೇಳಿ" ಎಂದಳು.

ಹೊರಗೆ ಬಂದಮೇಲೆ ಅವಳ ಮೊದಲ ಪ್ರಶ್ನೆ, ತನ್ನ ಎದೆಯೊಳಗೆ ಕರ್ಣ ಏನು ಮಾಡುತ್ತಿದ್ದಾನೆ ಎಂಬುದು. ಮದುವೆಯಾಗಿ ಮೈಸೂರಿಗೆ ಹೋದಮೇಲೆ ಕನ್ನಡ ಓದಲು ಕಲಿತವಳು ಮನೆಯಲ್ಲಿ ನಾನೊಬ್ಬಳೇ. ಆ ಹಮ್ಮಿನಲ್ಲಿ ವಿವರಿಸಿದೆ: ಕರ್ಣ ಎಂದರೆ ಕಿವಿ, ಕುಕ್ಷಿ ಎಂದರೆ ಹೊಟ್ಟೆ. ಮೈಯೆಲ್ಲ ಸುತ್ತಿ ದಣಿದ ರಕ್ತ ಬಲಗಿವಿಗೆ ಬಂದು, ಬಲಹೊಟ್ಟೆಗೆ ಇಳಿದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಗಾಳಿ ಕುಡಿದು ಎಡಗಿವಿಗೆ ಬಂದು, ಎಡಹೊಟ್ಟೆಗೆ ಇಳಿದು, ಮತ್ತೆ ಮೈಗೆ. ಕಿವಿಗೂ ಹೊಟ್ಟೆಗೂ ನಡುವೆ ಒಂದೊಂದು ಬಾಗಿಲು. ಕೆಳಗಿಳಿದದ್ದು ಮೇಲೆ ಬರದ ಹಾಗೆ ಅದು ಮುಚ್ಚಿಕೊಳ್ಳಬೇಕು. ಅಮ್ಮನಿಗೆ ಎಡಗಡೆಯ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ. ಹೊಟ್ಟೆಗೆ ಹೋದದ್ದು ತಿರುಗಿ ಕಿವಿಗೆ ಬರುತ್ತಿದೆ.

ಇದನ್ನು ಕಂಡುಹಿಡಿಯಲು ಇಷ್ಟು ಮೆಷಿನು ಬೇಕಿತ್ತೇ, ನನ್ನನ್ನು ಕೇಳಿದ್ದರೆ ಮದುವೆಯಾದ ವರ್ಷವೇ ಹೇಳುತ್ತಿದ್ದೆ ಎಂದು ಅಪ್ಪ ತಲೆಯಾಡಿಸಿದ.

ಅಪ್ಪನ ಮಾತು ಸುಳ್ಳಲ್ಲ. ಅಮ್ಮ ಯಾರ ತಪ್ಪನ್ನಾದರೂ ತಕ್ಷಣ ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ. ಅದು ಅಲ್ಲಿ ನಿಲ್ಲುವುದಿಲ್ಲ, ಅಷ್ಟೆ. ಮದುವೆಯಾದ ಹೊಸತರಲ್ಲಿ ಧಾರಾಪುರಂ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಸೀಟು ಹಿಡಿಯಲು ಹತ್ತಿ, ಸೀಟು ಸಿಕ್ಕ ಸಂತೋಷದಲ್ಲಿ ಹೆಂಡತಿಯನ್ನು ಕೆಳಗೇ ಬಿಟ್ಟು ಹೊರಟುಹೋಗಿದ್ದ. ಅವತ್ತೇ ಅವಳು ಕ್ಷಮಿಸಿದಳು. ಆಮೇಲೆ ಪ್ರತಿ ಹಬ್ಬಕ್ಕೂ ಕ್ಷಮಿಸುತ್ತಲೇ ಇದ್ದಾಳೆ.

ಆದರೆ ಆಪರೇಷನ್ನಿಗೆ ಒಪ್ಪಲಿಲ್ಲ. ಕೆಲಸ ಮುಗಿಯುವವರೆಗೆ ಹೃದಯವನ್ನು ನಿಲ್ಲಿಸಿ, ಮೆಷಿನ್ನಿನಿಂದ ರಕ್ತ ಓಡಿಸುತ್ತಾರೆ ಎಂದು ಗೊತ್ತಾದಾಗಿನಿಂದ ಅವಳದು ಒಂದೇ ಪ್ರಶ್ನೆ: ನಿಲ್ಲಿಸಿದ್ದು ಮತ್ತೆ ಹೊರಡದಿದ್ದರೆ? ಹೀಗೇ ಬಿಟ್ಟರೆ ಹೆಚ್ಚು ದಿನವಿಲ್ಲ ಎಂದು ಡಾಕ್ಟರು ನನ್ನ ಹತ್ತಿರ ಹೇಳಿದ್ದರು. ನಾಲ್ಕು ಮೆಟ್ಟಿಲು ಹತ್ತಿದರೆ ಅವಳಿಗೆ ಏದುಸಿರು. ಅಪ್ಪ ತಮಾಷೆ ನಿಲ್ಲಿಸಿದ. ಮಗ್ಗದ ಮುಂದೆ ಕೂರುತ್ತಿದ್ದ, ನೇಯುತ್ತಿರಲಿಲ್ಲ. ನನಗೆ ಭಯವಾಯಿತು.

ಮತ್ತೆ ತೋರಿಸಲು ಹೋದಾಗ ಅಮ್ಮ ಡಾಕ್ಟರನ್ನು ತಮಿಳಿನಲ್ಲಿ ಒಂದೇ ಮಾತು ಕೇಳಿದಳು: ಬಾಗಿಲು ಸರಿಮಾಡಿದರೆ ಹೊಟ್ಟೆಗೆ ಹೋದದ್ದು ತಿರುಗಿ ಕಿವಿಗೆ ಬರುವುದಿಲ್ಲವೇ? ಆ ಕಿವಿ, ಹೊಟ್ಟೆಗಳ ಹಿಂದಿನ ಸಂಸಾರ ಡಾಕ್ಟರಿಗೆ ಗೊತ್ತಿರಲಿಲ್ಲ. ಬರುವುದೇ ಇಲ್ಲ ಎಂದು ಭರವಸೆ ಕೊಟ್ಟರು. ಅಮ್ಮ ಅಪ್ಪನ ಕಡೆ ತಿರುಗಿದಳು.

"ಹಂಗಾದ್ರೆ ಮಾಡಿಸ್ಕೊತೀನಿ. ಆದ್ರೆ ಅದಕ್ಕೆ ಮುಂಚೆ ಇರೋದೆಲ್ಲಾ ಹೇಳ್ಬುಡ್ತೀನಿ. ಎದ್ದು ಹೋಗಂಗಿಲ್ಲ."

ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಯ ಮಂಚದ ಮೇಲೆ ಕೂತು ಶುರುಮಾಡಿದಳು. ವೆಳ್ಳಕೋಯಿಲಿನ ಮದುವೆಯೊಂದರಲ್ಲಿ ಅಪ್ಪನ ಅಕ್ಕ ಅವಳ ಸೀರೆಯ ಬಣ್ಣ ನೋಡಿ ನಕ್ಕದ್ದು, ಜೊತೆಗೆ ಅಪ್ಪನೂ ನಕ್ಕದ್ದು. ನಾನು ಹುಟ್ಟಿದ ದಿನ ಅಪ್ಪ ಮಗುವನ್ನು ನೋಡುವ ಮೊದಲು ಹೋಟೆಲಿನಲ್ಲಿ ಪರೋಟ ತಿಂದು ಬಂದದ್ದು. ಅಪ್ಪ ಸ್ಟೂಲಿನ ಮೇಲೆ ಕೈಕಟ್ಟಿ ಕೂತು ಎಲ್ಲಕ್ಕೂ ಹೂಂ ಅಂದ. ಬಿ.ಪಿ. ನೋಡಲು ಬಂದ ನರ್ಸು ಪರೋಟದ ಕತೆ ಮುಗಿಯುವವರೆಗೆ ಅಲ್ಲೇ ನಿಂತಳು. ಅಮ್ಮನಿಗೆ ಉಸಿರು ಸಾಲುತ್ತಿರಲಿಲ್ಲ. ನಿಲ್ಲಿಸಿ, ನೀರು ಕುಡಿದು, ಮುಂದುವರಿಸುತ್ತಿದ್ದಳು. ಇನ್ನೊಂದಕ್ಕೆ ಬಾಯಿ ತೆರೆದಾಗ ಅಪ್ಪ ಅವಳ ಕೈ ಹಿಡಿದುಕೊಂಡ. ನನ್ನೆದುರು ಯಾವತ್ತೂ ಹಾಗೆ ಹಿಡಿದವನಲ್ಲ.

"ಸಾಕು ಅಮ್ಮಣಿ," ಅಂದ. "ಮಿಕ್ಕಿರೋದ್ನ ಮಡಿಕ್ಕೋ. ವಾಪಸ್ ಬಂದು ಬಯ್ಯಾಕೆ ಬೇಕಲ್ಲ."